ಅಪ್ಪನ ಹಳೆಯ ವ್ಯಾಗನ್ ಆರ್ ಮಾರಾಟ: ಖಾಲಿ ಫಾರಂ 29ಕ್ಕೆ ಸಹಿ ಹಾಕಿ ಕೊಡಬಹುದೇ?

ತುಂಗಾತೀರ (ಶಿವಮೊಗ್ಗ)

ಅಪ್ಪನ ಹೆಸರಿನಲ್ಲಿರುವ 2015ರ ವ್ಯಾಗನ್ ಆರ್ ಕಾರನ್ನು ಮಾರುತ್ತಿದ್ದೇವೆ. ಕೆಎ 14 ನೋಂದಣಿ, ಮೊದಲಿನಿಂದಲೂ ಒಬ್ಬರೇ ಮಾಲೀಕರು. ಬೆಂಗಳೂರಿನ ಯಲಹಂಕದಿಂದ ಒಬ್ಬರು ಬಂದು ನೋಡಿ, ಓಡಿಸಿ, ಬೆಲೆಯನ್ನೂ ಒಪ್ಪಿಕೊಂಡು ಹೋಗಿದ್ದಾರೆ. ಭಾನುವಾರ ಪೂರ್ತಿ ಹಣ ಕೊಟ್ಟು ಕಾರು ಒಯ್ಯುತ್ತಾರಂತೆ. ಮಾಲೀಕತ್ವ ವರ್ಗಾವಣೆಯ ಕಾಗದಗಳ ವಿಷಯದಲ್ಲಿ ಅವರ ಬೇಡಿಕೆ ಒಂದೇ: "ಫಾರಂ 29, ಫಾರಂ 30 ಎರಡಕ್ಕೂ ಯಜಮಾನರ ಸಹಿ ಹಾಕಿಸಿಡಿ. ಕೊಳ್ಳುವವರ ಹೆಸರು, ತಾರೀಕು ಏನೂ ಬರೆಯಬೇಡಿ. ಮಿಕ್ಕದ್ದನ್ನು ನಮ್ಮ ಏಜೆಂಟ್ ನೋಡಿಕೊಳ್ಳುತ್ತಾರೆ."

ಅಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣುತ್ತಿಲ್ಲ. ಹಿಂದೆ ಸ್ಕೂಟರ್ ಮಾರಿದ್ದೂ ಹೀಗೆಯೇ ಅಂತೆ. ನನಗೆ ಮಾತ್ರ ಸಮಾಧಾನವಿಲ್ಲ.

ಇನ್ನೂ ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇನೆ. ಸಾಲ ತೀರಿ ವರ್ಷಗಳಾಗಿವೆ, ಆದರೆ ಆರ್‌ಸಿಯಲ್ಲಿ ಇಂದಿಗೂ ಸಿಂಡಿಕೇಟ್ ಬ್ಯಾಂಕಿನ ಹೆಸರಿದೆ. ನಂಬರ್ ಪ್ಲೇಟ್ ಹಳೆಯದು. ವಿಮೆ ಜನವರಿಯವರೆಗೆ ಇದೆ, ನೋ ಕ್ಲೇಮ್ ಬೋನಸ್ ಶೇ 50. ಅಪ್ಪನಿಗೆ ಈಗ ಕೈ ನಡುಗುತ್ತದೆ. ಕಾರು ಕೊಂಡಾಗ ಹಾಕಿದ್ದ ದುಂಡನೆಯ ಕನ್ನಡ ಸಹಿಗೂ ಈಗಿನ ಗೀಚಿಗೂ ಹೋಲಿಕೆಯೇ ಇಲ್ಲ. ತಿಳಿದವರು ದಾರಿ ತೋರಿಸಿ.

ನಾಲ್ಕನೇ ಗೇರ್ (ಮೈಸೂರು)

ಹೆಸರು ಬರೆಯಬೇಡಿ ಎನ್ನುವವರಿಗೆ ಕಾರು ಕೊಡಬೇಡಿ. ನನ್ನ ಉತ್ತರ ಇಷ್ಟೇ. ಕಾರಣ ಬೇಕಿದ್ದರೆ ಮುಂದೆ ಓದಿ.

ಅವರು ಓಡಿಸಲು ಕೊಳ್ಳುತ್ತಿಲ್ಲ, ಮಾರಲು ಕೊಳ್ಳುತ್ತಿದ್ದಾರೆ. ಅದೇನೂ ಅಪರಾಧವಲ್ಲ, ಅವರ ಹೊಟ್ಟೆಪಾಡು. ಆದರೆ ಅದರ ಲೆಕ್ಕಾಚಾರ ನಿಮಗೆ ಗೊತ್ತಿರಬೇಕು. ಕಾರು ಅವರ ಹೆಸರಿಗೆ ವರ್ಗಾವಣೆಯಾದರೆ ದಾಖಲೆಯಲ್ಲಿ ಮಾಲೀಕರ ಕ್ರಮಸಂಖ್ಯೆ 1 ಇದ್ದದ್ದು 2 ಆಗುತ್ತದೆ. ಅವರಿಂದ ಕೊಂಡವರು ಮೂರನೆಯವರಾಗುತ್ತಾರೆ. "ಸಿಂಗಲ್ ಓನರ್" ಎಂದು ಹೇಳಿ ಮಾರುವ ಕಾರಿಗೂ ಮೂರನೇ ಕೈ ಸೇರುವ ಕಾರಿಗೂ ಬೆಲೆಯಲ್ಲಿ ಎಷ್ಟು ಅಂತರವೆಂದು ಹಳೆಯ ಕಾರು ಕೊಂಡವರಿಗೆಲ್ಲ ಗೊತ್ತು. ಖಾಲಿ ಫಾರಂ ಕೈಯಲ್ಲಿದ್ದರೆ ಮಧ್ಯದವರ ಹೆಸರೇ ಬರುವುದಿಲ್ಲ. ನಿಮ್ಮ ತಂದೆಯವರ ಹೆಸರಿನಿಂದ ನೇರವಾಗಿ ಕೊನೆಯ ಗಿರಾಕಿಯ ಹೆಸರಿಗೆ ಹೋಗುತ್ತದೆ. ಆ ಗಿರಾಕಿ ನಾಳೆ ಸಿಗಬಹುದು, ಮುಂದಿನ ಯುಗಾದಿಗೂ ಸಿಗಬಹುದು. ಅಲ್ಲಿಯವರೆಗೆ ಕಾರನ್ನು ಯಾರು ಎಲ್ಲಿ ಓಡಿಸಿದರೂ ಕಾಗದದ ಮೇಲೆ ಮಾಲೀಕರು ನಿಮ್ಮ ತಂದೆಯೇ.

ಕಟಕಟೆ (ಧಾರವಾಡ)

ವೃತ್ತಿಯಲ್ಲಿ ವಕೀಲ, ಅಪಘಾತ ಪರಿಹಾರದ ಪ್ರಕರಣಗಳೇ ಹೆಚ್ಚು. ನಾಲ್ಕನೇ ಗೇರ್ ಅವರು ಹೇಳಿದ್ದಕ್ಕೆ ಕಾನೂನಿನ ಬೆಂಬಲವಿದೆ.

1988ರ ಮೋಟಾರು ವಾಹನ ಕಾಯ್ದೆಯ 2(30)ನೇ ಕಲಂ ಪ್ರಕಾರ, ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಸಾಲ, ಬಾಡಿಗೆ ಖರೀದಿ, ಗುತ್ತಿಗೆ ಒಪ್ಪಂದಗಳಿಗೆ ಬೇರೆ ಮಾತಿದೆ, ಅದನ್ನು ಬಿಡಿ. ಹಣ ಕೈ ಬದಲಾಯಿತೇ, ಕೀಲಿಕೈ ಕೊಟ್ಟಾಯಿತೇ ಎಂಬುದನ್ನು ಈ ಕಲಂ ಕೇಳುವುದೇ ಇಲ್ಲ. 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ನೋಂದಾಯಿತ ಮಾಲೀಕರು 2007ರಲ್ಲೇ ವಾಹನ ಮಾರಿದ್ದರು. ಅದು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಾ ಹೋಯಿತು, ಆರ್‌ಸಿ ಮಾತ್ರ ಇದ್ದಲ್ಲೇ ಇತ್ತು. 2009ರ ಮೇ ತಿಂಗಳಿನಲ್ಲಿ ಅಪಘಾತವಾಗಿ ಒಂದು ಮಗು ಸತ್ತಿತು. ಆಮೇಲೆ ಕೊಂಡವನೇ ಹೊಣೆ ಎಂಬ ಹೈಕೋರ್ಟಿನ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಯಾರು ಯಾರಿಗೆ ಮಾರಿದರು ಎಂದು ಸಂತ್ರಸ್ತರು ಬೆನ್ನಟ್ಟಿ ಹೋಗುವಂತಾಗಬಾರದು, ರಿಜಿಸ್ಟರಿನಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದಿತು. ವಿಮೆ ಚಾಲ್ತಿಯಲ್ಲಿದ್ದರೆ ಕಂಪನಿ ಭರಿಸುತ್ತದೆ. ಕೊಂಡವರು ವಿಮೆ ನವೀಕರಿಸದೆ ಓಡಿಸುತ್ತಿದ್ದರೆ ಆ ಲಕ್ಷಗಟ್ಟಲೆ ಹಣ ನಿಮ್ಮ ತಂದೆಯವರ ತಲೆಗೇ ಬರುತ್ತದೆ. ಆಮೇಲೆ ಕೊಂಡವರ ಮೇಲೆ ದಾವೆ ಹೂಡಿ ವಸೂಲಿ ಮಾಡಿಕೊಳ್ಳಬಹುದು ಎನ್ನುವುದು ಕೇಳಲು ಚೆನ್ನ.

50ನೇ ಕಲಂ ಪ್ರಕಾರ ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಅದರ ಪ್ರತಿಯನ್ನು ಕೊಂಡವರಿಗೂ ಕೊಡಬೇಕು. ಅದೇ ಫಾರಂ 29. ಕೊಂಡವರು 30 ದಿನಗಳೊಳಗೆ ತಮ್ಮ ವಾಸಸ್ಥಳದ ಕಚೇರಿಗೆ ಅರ್ಜಿ ಹಾಕಬೇಕು. ಅದು ಫಾರಂ 30. ಹೆಸರಿಲ್ಲದ, ತಾರೀಕಿಲ್ಲದ ಫಾರಂನಿಂದ ಈ ಗಡುವುಗಳು ಎಂದಿನಿಂದ ಶುರುವಾದವು ಎಂಬುದೇ ತಿಳಿಯುವುದಿಲ್ಲ. ಖಾಲಿ ಬಿಡಿಸುವ ಉದ್ದೇಶವೂ ಅದೇ.

ಸ್ಮಾರ್ಟ್‌ಕಾರ್ಡ್ (ಬೆಂಗಳೂರು)

ನಾನು ಏಜೆಂಟ್. ಆರ್‌ಟಿಒ ಕಚೇರಿಯ ಎದುರಿನ ಸಣ್ಣ ಅಂಗಡಿಯಲ್ಲಿ ಕಂಪ್ಯೂಟರ್, ಜೆರಾಕ್ಸ್ ಇಟ್ಟುಕೊಂಡು ಬಹಳ ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಏಜೆಂಟ್ ಎಂದ ಕೂಡಲೇ ಎಲ್ಲರೂ ಮೂಗು ಮುರಿಯುತ್ತಾರೆ. ಖಾಲಿ ಫಾರಂ ಕೇಳುವುದು ಏಜೆಂಟರಲ್ಲ ಮೇಡಂ, ಕಾರು ಕೊಂಡು ಮಾರುವ ದಲ್ಲಾಳಿಗಳು. ಹೆಸರು ತುಂಬಿರದ ಫಾರಂ ನಮಗೂ ತಲೆನೋವೇ.

ಒಂದೊಂದಾಗಿ ಹೇಳುತ್ತೇನೆ. ಈಗ ಅರ್ಜಿ ಶುರುವಾಗುವುದೇ ಪರಿವಾಹನ್ ಜಾಲತಾಣದಲ್ಲಿ. ವಾಹನದ ಸಂಖ್ಯೆ, ಛಾಸಿಸ್ ಸಂಖ್ಯೆಯ ಕೊನೆಯ ಐದು ಅಂಕಿ ಕೊಟ್ಟರೆ ಒಟಿಪಿ ಬರುತ್ತದೆ. ದಾಖಲೆಯಲ್ಲಿರುವ ಮೊಬೈಲ್‌ಗೆ ಬರುತ್ತದೆ ಎಂಬುದನ್ನು ಗಮನಿಸಿ. 2015ರ ಗಾಡಿಯೆಂದರೆ ಷೋರೂಮಿನವರು ಅಂದು ಯಾವ ಸಂಖ್ಯೆ ಬರೆದಿದ್ದರೋ ದೇವರೇ ಬಲ್ಲ. ಮೊದಲು ಅದನ್ನು ನಿಮ್ಮ ತಂದೆಯವರ ಈಗಿನ ಸಂಖ್ಯೆಗೆ ಬದಲಿಸಿಕೊಳ್ಳಿ. ಕೊಳ್ಳುವವರ ಹೆಸರು, ವಿಳಾಸ, ಮಾರಿದ ದಿನ ಎಲ್ಲವನ್ನೂ ಅಲ್ಲಿಯೇ ತುಂಬಿ, ಶುಲ್ಕ ಕಟ್ಟಿದರೆ ಎರಡೂ ಫಾರಂಗಳು ಅಚ್ಚಾಗಿ ಹೊರಬರುತ್ತವೆ. ಆ ಅಚ್ಚಾದ ಫಾರಂಗೆ ಸಹಿ ಹಾಕಿ. ಅಂಗಡಿಯಲ್ಲಿ ಎರಡು ರೂಪಾಯಿಗೆ ಸಿಗುವ ಖಾಲಿ ಫಾರಂಗೆ ಬೇಡ.

ಶುಲ್ಕ ದೊಡ್ಡದಲ್ಲ. ಕೇಂದ್ರ ನಿಯಮದಂತೆ ಲಘು ವಾಹನದ ನೋಂದಣಿಗೆ 600 ರೂಪಾಯಿ, ವರ್ಗಾವಣೆಗೆ ಅದರರ್ಧ. ಸ್ಮಾರ್ಟ್‌ಕಾರ್ಡಿಗೆ 200 ರೂಪಾಯಿ, ಜಾಲತಾಣದ ಚಿಲ್ಲರೆ ಶುಲ್ಕ ಬೇರೆ. ಕೊಳ್ಳುವವರು ಸಾಲ ಮಾಡಿದ್ದರೆ ಬ್ಯಾಂಕಿನ ಹೆಸರು ಸೇರಿಸಲು 1,500 ರೂಪಾಯಿ. ಇದರ ಮೇಲೆ ನಾವು ತೆಗೆದುಕೊಳ್ಳುವುದು ನಮ್ಮ ಓಡಾಟದ ಕೂಲಿ. ನೀವೇ ಮಾಡಿಕೊಂಡರೆ ಅದೂ ಉಳಿಯಿತು.

ಬ್ಯಾಂಕಿನ ವಿಷಯ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹಾಗಾಗಿ ಎನ್‌ಒಸಿ (ನಿರಾಕ್ಷೇಪಣಾ) ಪತ್ರವೂ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ 35 ಕೂಡ ಕೆನರಾ ಬ್ಯಾಂಕಿನ ಮೊಹರಿನಲ್ಲಿರಬೇಕು. ಸಾಲ ತೀರಿದಾಗ ಕೊಟ್ಟ ಹಳೆಯ ಪತ್ರ ಬೀರುವಿನಲ್ಲಿದ್ದರೆ ಅದನ್ನು ಶಾಖೆಗೆ ಒಯ್ದು ತೋರಿಸಿ, ಹೊಸ ತಾರೀಕಿನದನ್ನು ಪಡೆಯಿರಿ. ಹಳೆಯ ಪತ್ರವನ್ನು ಕಚೇರಿಯವರು ಒಪ್ಪುವುದಿಲ್ಲ. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದು ಆರ್‌ಸಿಯಲ್ಲಿರುವವರಿಗೂ ಇದೇ ಮಾತು: ಕ್ರಮವಾಗಿ ಬ್ಯಾಂಕ್ ಆಫ್ ಬರೋಡಾ, ಯೂನಿಯನ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಗೆ ಹೋಗಿ. ಫಾರಂ 35 ಎರಡು ಪ್ರತಿ, ಎರಡಕ್ಕೂ ಬ್ಯಾಂಕಿನವರ ಮತ್ತು ಮಾಲೀಕರ ಸಹಿ. ಎಚ್.ಪಿ. (ಆರ್‌ಸಿಯಲ್ಲಿರುವ ಬ್ಯಾಂಕ್ ಸಾಲದ ನಮೂದು) ರದ್ದು ಮತ್ತು ವರ್ಗಾವಣೆ ಎರಡನ್ನೂ ಒಟ್ಟಿಗೆ ಹಾಕಬಹುದು. ಆದರೂ ಮೊದಲು ಎಚ್.ಪಿ. ತೆಗೆಸಿ, ಆಮೇಲೆ ಮಾರಿ ಎನ್ನುವುದು ನನ್ನ ಸಲಹೆ. ಒಂದರಲ್ಲಿ ತಕರಾರು ಬಂದರೆ ಎರಡೂ ನಿಲ್ಲುತ್ತವೆ.

ನಂಬರ್ ಪ್ಲೇಟ್: 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಕಡ್ಡಾಯವೆಂದು ನಮ್ಮ ಸಾರಿಗೆ ಇಲಾಖೆ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಗಡುವನ್ನು ಎಷ್ಟೋ ಬಾರಿ ಮುಂದೂಡಿದರು ಎಂದು ಜನ ಹಗುರವಾಗಿ ತೆಗೆದುಕೊಂಡಿದ್ದಾರೆ. ಆದರೆ ಆ ಪ್ಲೇಟ್ ಇಲ್ಲದೆ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆ, ಎಚ್.ಪಿ. ರದ್ದು ಯಾವುದೂ ಇಲ್ಲವೆಂದು ಅದೇ ಅಧಿಸೂಚನೆಯಲ್ಲಿದೆ. ನಿಮ್ಮ ಕೆಲಸ ಅಲ್ಲಿಂದಲೇ ಆರಂಭವಾಗಲಿ. ಸಾರಿಗೆ ಇಲಾಖೆಯ ಜಾಲತಾಣದಿಂದಲೇ ಮುಂಗಡ ಕಾಯ್ದಿರಿಸಿ; ನಕಲಿ ತಾಣಗಳು ಬೇಕಾದಷ್ಟಿವೆ.

ತುಂಗಾತೀರ (ಶಿವಮೊಗ್ಗ)

ಸ್ಮಾರ್ಟ್‌ಕಾರ್ಡ್ ಸರ್, ಇಷ್ಟನ್ನು ಕಚೇರಿಯ ಕಿಟಕಿಯಲ್ಲಿ ಯಾರೂ ಹೇಳಿರಲಿಲ್ಲ. ಕಾರು ಯಲಹಂಕಕ್ಕೆ ಹೋದರೆ ಸಂಖ್ಯೆ ಕೆಎ 50 ಆಗುತ್ತದೆಯೇ? ಅಪ್ಪನ ಸಹಿಯ ವಿಷಯಕ್ಕೆ ಏನು ಮಾಡಲಿ?

ಸ್ಮಾರ್ಟ್‌ಕಾರ್ಡ್ (ಬೆಂಗಳೂರು)

ರಾಜ್ಯದೊಳಗೆ ಸಂಖ್ಯೆ ಬದಲಾಗುವುದಿಲ್ಲ, ಕೆಎ 14 ಹಾಗೆಯೇ ಇರುತ್ತದೆ. ಸಹಿ ಹೊಂದದಿದ್ದರೆ ಕಡತ ವಾಪಸು ಬರುತ್ತದೆ, ಸುಳ್ಳಲ್ಲ. ಆಧಾರ್ ದೃಢೀಕರಣದ ಮೂಲಕ ಅರ್ಜಿ ಹಾಕುವ ದಾರಿ ತೆರೆದಿದ್ದರೆ ಅದನ್ನೇ ಹಿಡಿಯಿರಿ, ಬೆರಳು ನಡುಗಿದರೂ ಒಟಿಪಿ ನಡುಗುವುದಿಲ್ಲ. ಆಗದಿದ್ದರೆ ಯಜಮಾನರನ್ನು ಒಮ್ಮೆ ಕಚೇರಿಗೆ ಕರೆದೊಯ್ದು ಅಧಿಕಾರಿಯ ಎದುರಿನಲ್ಲೇ ಸಹಿ ಹಾಕಿಸಿ. ಅವರು ಓಡಾಡಲಾರರು ಎಂದಾದರೆ ಬ್ಯಾಂಕಿನಿಂದ ಸಹಿ ದೃಢೀಕರಣ ಪತ್ರ, ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ ಎರಡನ್ನೂ ಜೊತೆಗಿಡಿ. ಹಳೆಯ ಸಹಿಯನ್ನು ನೋಡಿಕೊಂಡು ಮನೆಯವರೇ ತಿದ್ದಿ ತೀಡಿ ಹಾಕುವ ಪದ್ಧತಿ ಬಹಳ ಕಡೆ ಇದೆ. ದಯವಿಟ್ಟು ಬೇಡ.

ಗಾಂಧಿಬಜಾರ್ (ಬೆಂಗಳೂರು)

ನನ್ನ ಪಾಡು ಕೇಳಿ. ಹಳೆಯ ಕಾರುಗಳನ್ನು ಆನ್‌ಲೈನ್‌ನಲ್ಲಿ ಕೊಳ್ಳುವ ಒಂದು ದೊಡ್ಡ ಕಂಪನಿಗೇ ಕೊಟ್ಟೆ, ಹೆಸರು ಬೇಡ. ಮನೆ ಬಾಗಿಲಿಗೇ ಬಂದರು, ಹಣವೂ ಅಂದೇ ಬಂತು. ಆಮೇಲೆ ಮೊಬೈಲ್‌ಗೆ ಸಂದೇಶಗಳು ಶುರುವಾದವು. ಸಿಗ್ನಲ್ ಜಿಗಿತ, ಸೀಟ್ ಬೆಲ್ಟ್ ಇಲ್ಲ, ಮತ್ತೆ ಸಿಗ್ನಲ್ ಜಿಗಿತ. ಕ್ಯಾಮೆರಾ ತೆಗೆದ ಚಿತ್ರದಲ್ಲಿ ಕಾರು ನನ್ನದೇ, ಸ್ಟೀರಿಂಗ್ ಹಿಂದೆ ಕೆಂಪು ಟೊಪ್ಪಿಗೆಯ ಅಪರಿಚಿತ. ಕಂಪನಿಯ ಸಹಾಯವಾಣಿಯಲ್ಲಿ ಪ್ರತಿ ಸಲವೂ ಹೊಸ ಧ್ವನಿ, ಹಳೆಯ ಉತ್ತರ: "ವರ್ಗಾವಣೆ ಪ್ರಗತಿಯಲ್ಲಿದೆ ಸರ್." ದಂಡ ಹೋಗಲಿ, ನಾಳೆ ಆ ಮಹಾನುಭಾವ ಯಾರಿಗಾದರೂ ಗುದ್ದಿದರೆ ಎಂಬ ಯೋಚನೆಯೇ ನಿದ್ದೆ ಕೆಡಿಸುತ್ತಿದೆ. ಏನಾದರೂ ಮಾಡಲು ಬರುತ್ತದೆಯೇ?

ಕಟಕಟೆ (ಧಾರವಾಡ)

ಬರುತ್ತದೆ. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳಿಗಾಗಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಹೊಸ ವ್ಯವಸ್ಥೆ ಜಾರಿಯಲ್ಲಿದೆ. ವ್ಯಾಪಾರಿಯು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕು. ನೀವು ಅವರಿಗೆ ಕಾರು ಒಪ್ಪಿಸಿದಾಗ ಫಾರಂ 29ಸಿಯಲ್ಲಿ ಆನ್‌ಲೈನ್ ಮೂಲಕ ತಿಳಿಸಬೇಕು. ಅಲ್ಲಿಂದ ಮುಂದೆ ಆ ವ್ಯಾಪಾರಿಯನ್ನೇ ವಾಹನದ ಮಾಲೀಕನೆಂದು ಭಾವಿಸಲಾಗುತ್ತದೆ. ಕಾರು ಅವರ ಸುಪರ್ದಿಯಲ್ಲಿರುವಾಗ ಆಗುವ ಘಟನೆಗಳಿಗೆ ಅವರೇ ಹೊಣೆ. ನಿಮ್ಮ ವಿಷಯದಲ್ಲಿ 29ಸಿ ಸಲ್ಲಿಕೆಯಾಗಿದೆಯೇ ಎಂದು ಲಿಖಿತವಾಗಿ ಕೇಳಿ. ಆಗಿದ್ದರೆ ಅದರ ಪ್ರತಿಯನ್ನು ಸಂಚಾರ ಪೊಲೀಸರಿಗೆ ಕೊಡಿ. ಆಗಿಲ್ಲವೆಂದರೆ ಕಂಪನಿಗೆ ಕಾನೂನು ನೋಟಿಸ್, ಜೊತೆಗೆ ಗ್ರಾಹಕರ ಆಯೋಗ. ಸಹಾಯವಾಣಿಗೆ ಮಾಡಿದ ಕರೆಗಳು ಸಾಕ್ಷ್ಯವಾಗುವುದಿಲ್ಲ, ಇಮೇಲ್ ಆಗುತ್ತದೆ.

ತುಂಗಾತೀರ ಅವರೇ, ಯಲಹಂಕದವರು ವ್ಯಾಪಾರಿಯೇ ಎಂದಾದರೆ ನೀವೂ ಅಧಿಕಾರಪತ್ರ ತೋರಿಸಿ ಎಂದು ಕೇಳಿ. ಇದ್ದರೆ ಫಾರಂ 29ಸಿ, ಇಲ್ಲದಿದ್ದರೆ ಅವರ ಸ್ವಂತ ಹೆಸರಿಗೆ ವರ್ಗಾವಣೆ. ಮೂರನೆಯ ದಾರಿ ಇಲ್ಲ.

ಇನ್ನೊಂದು ಮಾತು. 133ನೇ ಕಲಂ ಪ್ರಕಾರ ಅಪರಾಧ ನಡೆದಾಗ ವಾಹನ ಓಡಿಸುತ್ತಿದ್ದವರು ಯಾರು ಎಂದು ಪೊಲೀಸರು ಕೇಳಿದರೆ ಮಾಲೀಕರು ಹೆಸರು, ವಿಳಾಸ ಕೊಡಲೇಬೇಕು. ಆಗ ಕೈಯಲ್ಲಿರಬೇಕಾದದ್ದು ಡೆಲಿವರಿ ನೋಟ್. ಛಾಪಾ ಕಾಗದದ ಮೇಲೆ ಬರೆದುಕೊಳ್ಳಿ: ಕಾರಿನ ಸಂಖ್ಯೆ, ಛಾಸಿಸ್ ಮತ್ತು ಎಂಜಿನ್ ಸಂಖ್ಯೆ, ಓಡೋಮೀಟರ್ ತೋರಿಸುವ ಕಿಲೋಮೀಟರ್, ಬೆಲೆ, ಹಣ ಬಂದ ಬಗೆ. ಎಲ್ಲಕ್ಕಿಂತ ಮುಖ್ಯವಾಗಿ ಒಪ್ಪಿಸಿದ ದಿನ ಮತ್ತು ಗಂಟೆ. "ಇಂತಿಷ್ಟು ಗಂಟೆಯ ನಂತರದ ದಂಡ, ಅಪಘಾತ, ಪೊಲೀಸ್ ಪ್ರಕರಣಗಳಿಗೆಲ್ಲ ನಾನೇ ಹೊಣೆ" ಎಂದು ಕೊಂಡವರ ಸಹಿ, ಅವರ ಆಧಾರ್ ಮತ್ತು ಚಾಲನಾ ಪರವಾನಗಿಯ ಪ್ರತಿ, ಎರಡು ಸಾಕ್ಷಿ. ಪರಿಹಾರದ ಹೊಣೆಯಿಂದ ಈ ಕಾಗದ ನಿಮ್ಮನ್ನು ಪಾರು ಮಾಡುವುದಿಲ್ಲ, ಅದನ್ನು ಮೇಲೆಯೇ ಹೇಳಿದ್ದೇನೆ. ಆದರೆ ಪೊಲೀಸ್ ಠಾಣೆಯಲ್ಲಿ ನಿಮ್ಮನ್ನು ಕುರ್ಚಿಯ ಮೇಲೆ ಕೂರಿಸಿ ಮಾತನಾಡಿಸುವುದಕ್ಕೂ ನಿಲ್ಲಿಸಿ ಮಾತನಾಡಿಸುವುದಕ್ಕೂ ವ್ಯತ್ಯಾಸ ಇದೇ ಹಾಳೆಯಿಂದ.

ಪಾಲಿಸಿದಾರ (ಉಡುಪಿ)

ವಿಮಾ ಕಂಪನಿಯೊಂದರ ವಾಹನ ವಿಭಾಗದಿಂದ ನಿವೃತ್ತನಾದವನು. ಇಲ್ಲಿಯವರೆಗೆ ಯಾರೂ ವಿಮೆಯನ್ನು ಸರಿಯಾಗಿ ಮುಟ್ಟಿಲ್ಲ.

157ನೇ ಕಲಂ ಪ್ರಕಾರ ವಾಹನ ಮಾರಾಟವಾದರೆ ವಿಮೆಯೂ ಕೊಂಡವರಿಗೆ ವರ್ಗಾವಣೆಯಾಯಿತೆಂದು ಭಾವಿಸಲಾಗುತ್ತದೆ. ಇದನ್ನು ಓದಿ ಜನ ನಿಶ್ಚಿಂತರಾಗುತ್ತಾರೆ. ಆ ರಕ್ಷಣೆ ಮೂರನೇ ವ್ಯಕ್ತಿಗಾಗುವ ಹಾನಿಗೆ ಮಾತ್ರ. ಕಾರಿಗೇ ಆಗುವ ಹಾನಿ, ಕಳವು ಇವುಗಳ ವಿಮೆ ತಾನಾಗಿ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ತೀರ್ಮಾನಿಸಿದೆ. ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಆರ್‌ಸಿ ಹೊಸ ಹೆಸರಿನಲ್ಲಿ, ಪಾಲಿಸಿ ಹಳೆಯ ಹೆಸರಿನಲ್ಲಿ ಇದ್ದಾಗ ಮರ ಬಿದ್ದು ಕಾರು ಜಜ್ಜಿಹೋದರೆ ಯಾರಿಗೂ ಹಣವಿಲ್ಲ. ಆರ್‌ಸಿ ಹೆಸರಿನವರ ಬಳಿ ಪಾಲಿಸಿ ಇಲ್ಲ, ಪಾಲಿಸಿ ಹೆಸರಿನವರ ಬಳಿ ಕಾರು ಇಲ್ಲ.

ಬೋನಸ್ಸಿನ ಮಾತು. ನೋ ಕ್ಲೇಮ್ ಬೋನಸ್ ಸೇರುವುದು ಮನುಷ್ಯನಿಗೆ, ಕಾರಿಗಲ್ಲ. ಶೇ 50 ಎಂದರೆ ಮೇಲಿನ ಮಿತಿಯೇ. ವರ್ಷಗಟ್ಟಲೆ ಕ್ಲೇಮ್ ಇಲ್ಲದೆ ಓಡಿಸಿದ ಫಲ. ಕಾರಿನ ಜೊತೆ ಅದನ್ನು ಕೊಟ್ಟುಬಿಡಬೇಡಿ. ಮಾರಾಟದ ದಾಖಲೆ ತೋರಿಸಿ ವಿಮಾ ಕಂಪನಿಯಿಂದ ಬೋನಸ್ ಕಾಯ್ದಿರಿಸುವ ಪತ್ರ ಪಡೆಯಿರಿ, ಮೂರು ವರ್ಷ ಊರ್ಜಿತ. ನಿಮ್ಮ ತಂದೆಯವರು ಅವರ ಹೆಸರಿನಲ್ಲಿ ಮತ್ತೊಂದು ಕಾರು ಕೊಂಡರೆ ಹೊಸ ಪಾಲಿಸಿಯ ಸ್ವಂತ ಹಾನಿ ವಿಭಾಗದ ಪ್ರೀಮಿಯಂನಲ್ಲಿ ಅರ್ಧ ಕಡಿತವಾಗುತ್ತದೆ. ಉಳಿದ ಅವಧಿಗೆ ಬೋನಸ್ಸಿನ ವ್ಯತ್ಯಾಸದ ಹಣವನ್ನು ಕೊಂಡವರು ಕಟ್ಟಬೇಕು. ಇದನ್ನು ಮೊದಲೇ ಹೇಳಿ. ಆಮೇಲೆ ಹೇಳಿದರೆ ಬೆಲೆಯಲ್ಲಿ ಕಳೆಯಿರಿ ಎನ್ನುತ್ತಾರೆ.

ನಾಲ್ಕನೇ ಗೇರ್ (ಮೈಸೂರು)

ಬೋನಸ್ ವಿಷಯ ನನಗೂ ಇಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ. ಧನ್ಯವಾದ.

ಕಡಲತಡಿ (ಮಂಗಳೂರು)

ಗಡಿನಾಡಿನವರಿಗೆ ಒಂದು ಟಿಪ್ಪಣಿ. ಕೊಳ್ಳುವವರು ಕಾಸರಗೋಡು ಅಥವಾ ಕಣ್ಣೂರಿನವರಾದರೆ ಕತೆ ಬೇರೆ. 48ನೇ ಕಲಂ ಪ್ರಕಾರ ಮಂಗಳೂರು ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಫಾರಂ 28. ಅದರಲ್ಲಿ ಛಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು ಕೇಳುತ್ತಾರೆ. ಬಾನೆಟ್ ಎತ್ತಿ, ಲೋಹದ ಮೇಲೆ ಕೊರೆದ ಸಂಖ್ಯೆಯನ್ನು ಚಿಂದಿಬಟ್ಟೆಯಿಂದ ಒರೆಸಿ, ತೆಳುವಾದ ಕಾಗದವನ್ನು ಒತ್ತಿ ಹಿಡಿದು, ಪೆನ್ಸಿಲನ್ನು ಓರೆ ಮಾಡಿ ಮೆಲ್ಲಗೆ ಉಜ್ಜಬೇಕು. ತುಕ್ಕು ಹಿಡಿದಿದ್ದರೆ 3 ಮತ್ತು 8ರ ನಡುವೆ ಭೇದವೇ ಕಾಣದು. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಇದು ದಿನನಿತ್ಯದ ಗೋಳು. ಸ್ವಲ್ಪ ಸೀಮೆಎಣ್ಣೆ ಹಚ್ಚಿ ಒರೆಸಿದರೆ ಅಂಕಿಗಳು ಎದ್ದು ಬರುತ್ತವೆ.

ವಾಹನ ಕಳವಿನದಲ್ಲ ಎಂಬ ಪೊಲೀಸ್ ದಾಖಲೆಯ ಪರಿಶೀಲನೆಯೂ ಆಗಬೇಕು. ಅರ್ಜಿ ಹಾಕಿ 30 ದಿನಗಳಾದರೂ ಕಚೇರಿ ಹ್ಞೂಂ ಎನ್ನದೆ ಹ್ಞಾಂ ಎನ್ನದೆ ಇದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು ಕಾಯ್ದೆಯಲ್ಲಿದೆ. ಆ ಕಾಯ್ದೆಯ ಪುಟವನ್ನು ಹಿಡಿದು ಕೇರಳದ ಕಚೇರಿಗೆ ಹೋದರೆ ಅವರು ನಗುತ್ತಾರೆ ಅಷ್ಟೇ. ಪತ್ರ ಪಡೆದೇ ಹೋಗಿ. ಅಲ್ಲಿ ಹೊಸದಾಗಿ ತೆರಿಗೆ ಕಟ್ಟಬೇಕು, ಸಂಖ್ಯೆ ಕೆಎಲ್ ಆಗುತ್ತದೆ. ಇಲ್ಲಿ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹೊಸ ಆರ್‌ಸಿ ತೋರಿಸಿ ವಾಪಸು ಕೇಳಬಹುದು. ಆ ಹಣ ಯಾರ ಜೇಬಿಗೆ ಎಂಬುದನ್ನು ಮಾರುವಾಗಲೇ ಬರೆದುಕೊಳ್ಳಿ.

ಅಡಿಕೆತೋಟ (ಶಿರಸಿ)

ಇದೇ ವಿಷಯಕ್ಕೆ ಹೊಂದಿಕೊಂಡ ಪ್ರಶ್ನೆ. ನಮ್ಮ ದೊಡ್ಡಪ್ಪ ತೀರಿಕೊಂಡರು. ಅವರ ಜೀಪು ಮನೆಯಲ್ಲಿದೆ. ಕೊಳ್ಳಲು ಬಂದವರು, "ಸತ್ತ ವಿಷಯ ಕಚೇರಿಗೆ ಹೇಳಬೇಡಿ, ಹಿಂದಿನ ತಾರೀಕಿನಲ್ಲಿ ಅವರ ಸಹಿ ಹಾಕಿ ಮಾರಿದಂತೆ ಮಾಡೋಣ, ಖರ್ಚು ಕಡಿಮೆ" ಎನ್ನುತ್ತಾರೆ. ದೊಡ್ಡಮ್ಮನಿಗೆ ಇಬ್ಬರು ಮಕ್ಕಳು, ಒಬ್ಬ ಪುಣೆಯಲ್ಲಿ.

ಕಟಕಟೆ (ಧಾರವಾಡ)

ಅದು ಫೋರ್ಜರಿ. ಖರ್ಚು ಕಡಿಮೆ ಎಂದವರು ಜೈಲಿಗೆ ಬರುವುದಿಲ್ಲ.

ಮೊದಲು ಫಾರಂ 31ರಲ್ಲಿ ವಾರಸುದಾರರೊಬ್ಬರ ಹೆಸರಿಗೆ ಮಾಡಿಸಿ, ಆಮೇಲೆ ಮಾರಿ. ಮರಣದ ವಿಷಯವನ್ನು 30 ದಿನಗಳೊಳಗೆ ತಿಳಿಸಿದರೆ ಮೂರು ತಿಂಗಳು ಆ ವಾಹನವನ್ನು ಬಳಸಬಹುದು, ಅಷ್ಟರೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮಿಕ್ಕ ವಾರಸುದಾರರ ಒಪ್ಪಿಗೆಯ ಪ್ರಮಾಣಪತ್ರ. ಪುಣೆಯ ಮಗ ಅಲ್ಲಿಯ ನೋಟರಿ ಮುಂದೆ ಸಹಿ ಹಾಕಿ ಅಂಚೆಯಲ್ಲಿ ಕಳುಹಿಸಲಿ.

ಸ್ಮಾರ್ಟ್‌ಕಾರ್ಡ್ (ಬೆಂಗಳೂರು)

ಅಡಿಕೆತೋಟದವರೇ, ಜೀಪಿಗೆ 15 ವರ್ಷ ದಾಟಿದೆಯೇ ನೋಡಿ. ದಾಟಿದ್ದು ನೋಂದಣಿ ನವೀಕರಿಸದಿದ್ದರೆ ಮೊದಲು ಅದು ಆಗಬೇಕು. 2022ರ ಏಪ್ರಿಲ್‌ನಿಂದ ಹಳೆಯ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕ 5,000 ರೂಪಾಯಿ ಆಗಿದೆ, ಇಪ್ಪತ್ತು ವರ್ಷ ದಾಟಿದವಕ್ಕೆ ಅದಕ್ಕಿಂತಲೂ ಹೆಚ್ಚು. ಬೆಲೆ ಮಾತನಾಡುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ.

ಮರಳುಗಾಡು (ದುಬೈ)

ನಮ್ಮಂಥವರ ಸಮಸ್ಯೆಯೇ ಬೇರೆ. ಕಾರು ಜಯನಗರದ ಮನೆಯ ಮುಂದೆ ನಿಂತಿದೆ, ನಾನು ಇಲ್ಲಿ. ಒಟಿಪಿ ಬರುವುದು ನಾನು ಎಂದೋ ಕೈಬಿಟ್ಟ ಭಾರತದ ಸಂಖ್ಯೆಗೆ. ತಮ್ಮನಿಗೆ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಬರೆದುಕೊಟ್ಟರೆ ನಡೆಯುತ್ತದೆಯೇ?

ಕಟಕಟೆ (ಧಾರವಾಡ)

ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರವನ್ನು ತಮ್ಮನ ಹೆಸರಿಗೆ ಮಾಡಿ. ಅದರಲ್ಲಿ ಇಂಥ ಸಂಖ್ಯೆಯ ವಾಹನವನ್ನು ಮಾರಲು, ಫಾರಂಗಳಿಗೆ ಸಹಿ ಹಾಕಲು, ಹಣ ಪಡೆಯಲು ಎಂದು ಬಿಡಿಸಿ ಬರೆದಿರಲಿ. ಸುಮ್ಮನೆ "ನನ್ನ ಎಲ್ಲ ಕೆಲಸಗಳಿಗೂ" ಎಂದರೆ ಗುಮಾಸ್ತರು ತಲೆಯಾಡಿಸುವುದಿಲ್ಲ. ಕಾರು ನಿಂತಿರುವ ಊರಿನ ಕಚೇರಿಯಲ್ಲಿ ಒಪ್ಪುತ್ತಾರೆಯೇ ಎಂದು ತಮ್ಮ ಮೊದಲು ವಿಚಾರಿಸಿಕೊಂಡು ಬರಲಿ. ಊರಿಗೆ ಬರುವುದಿದ್ದರೆ ಎಲ್ಲಕ್ಕಿಂತ ಸುಲಭ: ಅಲ್ಲಿಯವರೆಗೆ ಕಾರಿಗೆ ಹೊದಿಕೆ ಹಾಕಿಸಿ, ಬ್ಯಾಟರಿಯ ತಂತಿ ಬಿಚ್ಚಿಸಿಡಿ.

ತುಂಗಾತೀರ (ಶಿವಮೊಗ್ಗ)

ಯಲಹಂಕದವರ ಜೊತೆ ಮಾತನಾಡಿದೆ. ವ್ಯಾಪಾರಿಯ ಅಧಿಕಾರಪತ್ರದ ಮಾತೆತ್ತಿದ ಕೂಡಲೇ ಸ್ವರ ಬದಲಾಯಿತು. "ನಂಬಿಕೆ ಇಲ್ಲದ ಮೇಲೆ ವ್ಯವಹಾರವೇ ಬೇಡ" ಎಂದರು. ಸರಿ, ಬೇಡ ಎಂದೆ. ಅಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಈಗ ಭದ್ರಾವತಿಯ ಶಿಕ್ಷಕರೊಬ್ಬರು ಕೇಳುತ್ತಿದ್ದಾರೆ, ಸ್ವಂತ ಬಳಕೆಗೆ. ಬೆಲೆ ಹದಿನೈದು ಸಾವಿರ ಕಡಿಮೆ, ಆದರೆ ಎಲ್ಲವನ್ನೂ ಅವರ ಹೆಸರಿನಲ್ಲೇ ತುಂಬೋಣ ಎಂದು ಅವರೇ ಮೊದಲು ಹೇಳಿದರು. ಎಚ್‌ಎಸ್‌ಆರ್‌ಪಿ ಹಾಕಿಸಿಯಾಯಿತು, ಕೆನರಾ ಬ್ಯಾಂಕಿನವರು ಹಳೆಯ ಕಡತ ಹುಡುಕಿ ಪತ್ರ ಕೊಟ್ಟರು. ಕೇಳಬೇಕಾದದ್ದು ಎರಡು. ಅವರು ಅರ್ಧ ಹಣವನ್ನು ನಗದು ಕೊಡುತ್ತೇನೆ ಎನ್ನುತ್ತಾರೆ. ಮತ್ತೆ, ಅರ್ಜಿ ಹಾಕಿದ ಮೇಲೆ ಅವರು ಮುಂದುವರಿಸದೆ ಸುಮ್ಮನಾದರೆ ಏನು ಗತಿ?

ನಾಲ್ಕನೇ ಗೇರ್ (ಮೈಸೂರು)

ಆ ಹದಿನೈದು ಸಾವಿರವನ್ನು ನೆಮ್ಮದಿಯ ನಿದ್ದೆಯ ಲೆಕ್ಕಕ್ಕೆ ಬರೆದುಕೊಳ್ಳಿ. ನಗದು ಬೇಡ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಎಂದು ಆದಾಯ ತೆರಿಗೆಯ ಕಾನೂನು ಇದೆ. ಅದಕ್ಕಿಂತ ಕಡಿಮೆಯಿದ್ದರೂ ಬ್ಯಾಂಕ್ ಮೂಲಕ ಬಂದರೆ ಡೆಲಿವರಿ ನೋಟಿಗೆ ಬಲ.

ಎರಡನೆಯದಕ್ಕೆ ನಾನು ಮಾಡುವ ಉಪಾಯ: ಬೆಲೆಯ ಹೊರತಾಗಿ ಹತ್ತು ಸಾವಿರ ರೂಪಾಯಿ ಠೇವಣಿ ಇಟ್ಟುಕೊಳ್ಳಿ. ಹೊಸ ಆರ್‌ಸಿ ಅವರ ಹೆಸರಿಗೆ ಬಂದ ದಿನ ವಾಪಸು ಕೊಡುತ್ತೇನೆಂದು ಅದೇ ಡೆಲಿವರಿ ನೋಟಿನಲ್ಲಿ ಬರೆಯಿರಿ. ತಮ್ಮ ಹಣ ಸಿಕ್ಕಿಹಾಕಿಕೊಂಡಿದ್ದರೆ ಮನುಷ್ಯರು ಚುರುಕಾಗುತ್ತಾರೆ. ಮೇಷ್ಟರು ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಸ್ಮಾರ್ಟ್‌ಕಾರ್ಡ್ (ಬೆಂಗಳೂರು)

ಅಷ್ಟೂ ಬೇಕಿಲ್ಲ ಎನ್ನುತ್ತೇನೆ. ಭದ್ರಾವತಿ ನಿಮ್ಮ ಜಿಲ್ಲೆಯೇ. ಕೀಲಿಕೈ ಕೊಡುವ ದಿನವೇ ಇಬ್ಬರೂ ಜೊತೆಗೆ ಕೂತು ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕಚೇರಿಯಲ್ಲಿ ಕಾಗದ ಒಪ್ಪಿಸಿ, ಸ್ವೀಕೃತಿ ಪಡೆದು, ಆಮೇಲೆ ಕಾರು ಕೊಡಿ. ಅರ್ಜಿ ಸಂಖ್ಯೆ ನಿಮ್ಮ ಬಳಿಯೂ ಇರಲಿ, ಜಾಲತಾಣದಲ್ಲಿ ಸ್ಥಿತಿ ನೋಡುತ್ತಿರಿ. ಎಂ ಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ಸಂಖ್ಯೆ ಹಾಕಿದರೆ ಮಾಲೀಕರ ಕ್ರಮಸಂಖ್ಯೆ 2 ಎಂದು ತೋರಿಸಿದ ದಿನ ನಿಮ್ಮ ಕೆಲಸ ಮುಗಿಯಿತು. ಕಾರ್ಡು ಅಂಚೆಯಲ್ಲಿ ಅವರ ಮನೆಗೆ ಹೋಗುತ್ತದೆ. ಬಾಕಿ ದಂಡ ಇದೆಯೇ ಎಂದು ಹಿಂದಿನ ದಿನವೇ ನೋಡಿ ಕಟ್ಟಿಬಿಡಿ, ಹೊಗೆ ತಪಾಸಣೆಯ ಪತ್ರದ ಅವಧಿಯೂ ಮುಗಿದಿರಬಾರದು.

ತುಂಗಾತೀರ (ಶಿವಮೊಗ್ಗ)

ಹಾಗೆಯೇ ಮಾಡುತ್ತೇವೆ. ಅಪ್ಪನೂ ಕಚೇರಿಗೆ ಬರುತ್ತೇನೆ ಎಂದಿದ್ದಾರೆ. ಮೇಷ್ಟರು ಅವರ ಹಳೆಯ ಶಾಲೆಯವರೆಂದು ಗೊತ್ತಾದ ಮೇಲೆ ಹುಮ್ಮಸ್ಸು ಬಂದಿದೆ. ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಹಾಗೆಯೇ ಇರಲಿ ಎಂದು ಮೇಷ್ಟರು ಕೇಳುತ್ತಿದ್ದಾರೆ. ಕೊಡಬಹುದೇ?

ಗಾಂಧಿಬಜಾರ್ (ಬೆಂಗಳೂರು)

ಕೊಡಬೇಡಿ! ಆ ಚೀಟಿ ನಿಮ್ಮ ತಂದೆಯವರ ಖಾತೆಗೆ ಜೋಡಿಸಿದ್ದು. ಮೇಷ್ಟರು ಮಗಳ ಮನೆಗೆ ಹೋಗಿ ಬಂದಾಗಲೆಲ್ಲ ಟೋಲ್ ಹಣ ನಿಮ್ಮಲ್ಲಿ ಕಡಿತವಾಗುತ್ತದೆ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಉಳಿದ ಹಣ ಮತ್ತು ಭದ್ರತಾ ಠೇವಣಿ ವಾಪಸು ಬರುತ್ತದೆ. ನೀವು ಮುಚ್ಚಿಸುವವರೆಗೆ ಆ ಕಾರಿಗೆ ಅವರು ಹೊಸ ಟ್ಯಾಗ್ ಪಡೆಯಲೂ ತೊಡಕಾಗುತ್ತದೆ, ಒಂದು ವಾಹನಕ್ಕೆ ಒಂದೇ ಟ್ಯಾಗ್ ಎಂಬ ನಿಯಮ ಇದೆ. ಬ್ಯಾಂಕಿನವರು ಸತಾಯಿಸಿದರೆ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033.

ಅಂದಹಾಗೆ ಕಟಕಟೆ ಸರ್, ಕಂಪನಿಯವರಿಗೆ ಇಮೇಲ್ ಮಾಡಿದೆ. 29ಸಿ ಸಲ್ಲಿಸಿದ್ದೇವೆ ಎಂದು ಉತ್ತರ ಬಂತು, ಪ್ರತಿ ಮಾತ್ರ ಲಗತ್ತಿಸಿಲ್ಲ. ನೋಟಿಸಿನ ಕರಡು ಹೇಗಿರಬೇಕು ಎಂದು ತಿಳಿಸುತ್ತೀರಾ?

ಕಟಕಟೆ (ಧಾರವಾಡ)

ಕಾರು ಒಪ್ಪಿಸಿದ ದಿನದ ರಸೀದಿ, ಹಣ ಜಮೆಯಾದ ಬ್ಯಾಂಕ್ ವಿವರ, ದಂಡದ ಸಂದೇಶಗಳ ಚಿತ್ರ ಇವನ್ನು ಮೊದಲು ಒಟ್ಟುಗೂಡಿಸಿ. ಸಂಜೆ ಬರೆದು ಕಳುಹಿಸುತ್ತೇನೆ.